ದೊಡ್ಡ ನಾಯಿ ಸಾಕುವ ಮೊದಲು ಅದರ ತೂಕದ ಲೆಕ್ಕ ಹಾಕಿ

ನಾಲ್ಕು ಕಿಲೋ ಮರಿಯೊಂದು ಮುಂಗಾಲೆತ್ತಿ ಮೊಣಕಾಲಿಗೆ ಹಾರಿದರೆ ಎಲ್ಲರಿಗೂ ಮುದ್ದು ಬರುತ್ತದೆ. ಅದೇ ಮರಿ ವರ್ಷ ಕಳೆದು ನಲವತ್ತು ಕಿಲೋ ಆದ ಮೇಲೆ ಅದೇ ಖುಷಿಯಲ್ಲಿ ಹಾರಿದರೆ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ಅದರ ಮನಸ್ಸಿನಲ್ಲಿ ಮೊದಲಿನ ಪ್ರೀತಿಯೇ ಇದೆ, ತೂಕ ಮಾತ್ರ ಹತ್ತು ಪಟ್ಟು. ದೊಡ್ಡ ನಾಯಿ ಜೊತೆ ಬರುವ ಖುಷಿ, ಖರ್ಚು, ಕಾಯಿಲೆ, ಜವಾಬ್ದಾರಿ ಎಲ್ಲದರ ಬುಡದಲ್ಲೂ ಈ ತೂಕವೇ ಇರುತ್ತದೆ. ಹಾಗಾಗಿ ಮರಿ ಏನೇ ಮಾಡಲಿ, ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನೇ ಪೂರ್ತಿ ಬೆಳೆದ ಮೇಲೆ ಮಾಡಿದರೆ ನನ್ನಿಂದ ಸುಧಾರಿಸೋಕೆ ಆಗುತ್ತದಾ? ಆಗಲ್ಲ ಅಂತಾದರೆ ಮರಿ ಇದ್ದಾಗಲೇ ಬಿಡಿಸಿ.

ಯಾವ ನಾಯಿ ತರಬೇಕು

ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ತೂಗುತ್ತದೆ. ಗಂಡು ಜರ್ಮನ್ ಶೆಫರ್ಡ್ 30ರಿಂದ 40. ರಾಟ್‌ವೀಲರ್ 50ರ ಆಸುಪಾಸು. ಗ್ರೇಟ್ ಡೇನ್ ಸಲೀಸಾಗಿ 60 ದಾಟುತ್ತದೆ, ಇಂಗ್ಲಿಷ್ ಮ್ಯಾಸ್ಟಿಫ್ ಗಂಡಾದರೆ 70ರಿಂದ 100 ಕಿಲೋ. ಇಷ್ಟು ಅಂತರ ಇರುವಾಗ ಇವನ್ನೆಲ್ಲ ಸುಮ್ನೆ "ದೊಡ್ಡ ನಾಯಿ" ಅಂತ ಒಂದೇ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಮನೆಯಲ್ಲಿ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು, ಅವರ ತೂಕ ಎಷ್ಟು, ನಾಯಿಗೆ ಕಾಲು ನೋವಾದರೆ ಅದನ್ನು ಎತ್ತಿ ಗಾಡಿಗೆ ಹಾಕಲು ಎಷ್ಟು ಜನ ಸಿಗುತ್ತಾರೆ ಅಂತ ಮೊದಲೇ ಯೋಚಿಸಿ.

ಮನೆ ಎಷ್ಟು ದೊಡ್ಡದು ಅನ್ನುವುದಕ್ಕೆ ಜನ ಬೇಡದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಬೆಳೆದ ಗ್ರೇಟ್ ಡೇನ್ ದಿನದ ಹೆಚ್ಚಿನ ಹೊತ್ತು ಮಲಗಿಯೇ ಕಳೆಯುತ್ತದೆ. ಅದರ ಅರ್ಧದಷ್ಟೂ ಇಲ್ಲದ, ಕುರಿ ಕಾಯುವಂಥ ಕೆಲಸಕ್ಕೆ ಅಂತ ಬೆಳೆಸಿದ ತಳಿಯ ನಾಯಿ ಮಾಡಲು ಏನೂ ಇಲ್ಲದಿದ್ದರೆ ಇಡೀ ಮನೆ ಕಿತ್ತು ಹಾಕುತ್ತದೆ. ಅಂಗಳ ದೊಡ್ಡದಿದೆ ಅಂತ ಬಿಟ್ಟು ಬಿಟ್ಟರೆ ನಾಯಿ ತಾನೇ ಓಡಾಡಿ ವ್ಯಾಯಾಮ ಮಾಡಿಕೊಳ್ಳುವುದಿಲ್ಲ. ಬಾಗಿಲ ಹತ್ತಿರ ಬಂದು ನಿಮಗಾಗಿ ಕಾಯುತ್ತಾ ಕೂರುತ್ತದೆ. ನೀವು ದಿನಕ್ಕೆ ಎರಡು ಹೊತ್ತು ಅದರ ಜೊತೆ ನಡೆಯುತ್ತೀರಾ ಅನ್ನುವುದೇ ಮುಖ್ಯ.

ತಳಿಯ ಮರಿ ತರುವುದಾದರೆ ತಂದೆ ತಾಯಿಯ ಸೊಂಟದ ಕೀಲು ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ರಿಪೋರ್ಟ್ ಕೇಳಿ. ಸೊಂಟದ ಕೀಲು ಸರಿಯಾಗಿ ಕೂರದೆ ಇರುವ ತೊಂದರೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾ, ದೊಡ್ಡ ತಳಿಗಳಲ್ಲಿ ಜಾಸ್ತಿ, ಮತ್ತು ಅದು ವಂಶದಲ್ಲಿ ಬರುತ್ತದೆ. ಡಾಬರ್‌ಮನ್ ಆದರೆ ಹೃದಯದ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಹತ್ತಿರ, ತಾಯಿ ನಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ಮರಿ ತರಬೇಡಿ. ಇನ್ನೊಂದು ದಾರಿ ಇದೆ, ನನಗೆ ಅದು ಬಹಳ ಇಷ್ಟ. ಯಾರಿಗೂ ಬೇಡವಾಗಿ ಆಶ್ರಯದಲ್ಲಿರುವ ಬೆಳೆದ ದೊಡ್ಡ ನಾಯಿಯನ್ನು ಮನೆಗೆ ತರುವುದು. ಅದರ ತೂಕ, ಸ್ವಭಾವ, ಮಕ್ಕಳ ಜೊತೆ ಹೇಗಿರುತ್ತದೆ, ಬೇರೆ ನಾಯಿ ಕಂಡರೆ ಏನು ಮಾಡುತ್ತದೆ ಎಲ್ಲ ಕಣ್ಣೆದುರೇ ಇರುತ್ತದೆ. ಮರಿಯಲ್ಲಿ ಊಹೆ ಮಾಡಬೇಕು, ಇಲ್ಲಿ ನೋಡಿಯೇ ತೀರ್ಮಾನಿಸಬಹುದು. ಒಂದೇ ಭೇಟಿಯಲ್ಲಿ ಒಪ್ಪಿಕೊಳ್ಳಬೇಡಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಅದರ ಜೊತೆ ನಡೆದಾಡಿ ನೋಡಿ.

ಮೊದಲ ವರ್ಷ

ದೊಡ್ಡ ತಳಿಯ ಮರಿ ಬೆಳೆಯುವ ವೇಗ ನೋಡಿದವರಿಗೆ ಮಾತ್ರ ನಂಬಿಕೆ ಬರುತ್ತದೆ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದದ್ದು ಒಂದು ವರ್ಷದಲ್ಲಿ ಮನುಷ್ಯರ ತೂಕಕ್ಕೆ ಬಂದು ನಿಲ್ಲುತ್ತದೆ. ಆದರೆ ಮೂಳೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೂಳೆಯ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆತ್ತನೆಯ ಭಾಗ ಇರುತ್ತದೆ, ಅದು ಮುಚ್ಚಿಕೊಳ್ಳಲು ದೊಡ್ಡ ನಾಯಿಗಳಲ್ಲಿ 12ರಿಂದ 18 ತಿಂಗಳು, ತೀರಾ ದೊಡ್ಡ ತಳಿಗಳಲ್ಲಿ ಅದಕ್ಕಿಂತ ಜಾಸ್ತಿಯೂ ಬೇಕಾಗುತ್ತದೆ. ನೋಡೋಕೆ ದೊಡ್ಡ ನಾಯಿ, ಒಳಗೆ ಇನ್ನೂ ಎಳೆ ಮೂಳೆ.

ಹಾಗಾಗಿ ಈ ಹೊತ್ತಿನಲ್ಲಿ ಮರಿಯನ್ನು ಬೇಗ ಬೇಗ ದಪ್ಪ ಮಾಡಲು ಹೋಗಬೇಡಿ. "ಇನ್ನೂ ಸ್ವಲ್ಪ ತಿನ್ನಿಸಿ, ಭರ್ಜರಿಯಾಗಿ ಬೆಳೆಯಲಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ, ಅವರ ಮಾತು ಕೇಳಬೇಡಿ. ದೊಡ್ಡ ತಳಿಯ ಮರಿಗಳಿಗೆ ಅಂತಲೇ ಮಾಡಿದ ಆಹಾರ ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಪ್ರಮಾಣ ಹಿಡಿತದಲ್ಲಿರುತ್ತದೆ. ಮರಿ ದೊಡ್ಡದಾಗುತ್ತಿದೆ, ಮೂಳೆಗೆ ಬಲ ಬೇಕು ಅಂತ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಹಾಕುವ ರೂಢಿ ಬಹಳ ಜನಕ್ಕಿದೆ, ಅದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ಚಿಕ್ಕ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಂ ತಡೆದು ಹೊರಗೆ ಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದೆಲ್ಲ ಒಳಗೆ ಸೇರಿ ಮೂಳೆಯ ಬೆಳವಣಿಗೆಯೇ ಸೊಟ್ಟಗಾಗುತ್ತದೆ. ಮನೆಯ ಅಡುಗೆಯೇ ಕೊಡಬೇಕು ಅಂತಿದ್ದರೆ ಪಶುವೈದ್ಯರ ಹತ್ತಿರ ಕೂತು ಲೆಕ್ಕ ಹಾಕಿಸಿಕೊಂಡೇ ಕೊಡಿ.

ಓಡಾಟದ ವಿಷಯದಲ್ಲಿ ನಾರ್ವೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಿಟ್ಟುಕೊಳ್ಳುವಂಥದ್ದು. ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್‌ನಂಥ ದೊಡ್ಡ ತಳಿಗಳ ಮರಿಗಳನ್ನು ನೋಡಿದಾಗ, ಮೂರು ತಿಂಗಳಾಗುವ ಮೊದಲೇ ದಿನಾ ಮೆಟ್ಟಿಲು ಹತ್ತಿ ಇಳಿದವುಗಳಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ ಕಂಡಿತು. ಮೆತ್ತನೆ ನೆಲದ ಮೇಲೆ ಹಗ್ಗವಿಲ್ಲದೆ ತಾವೇ ಆಡಿಕೊಂಡು ಬೆಳೆದವುಗಳಲ್ಲಿ ಕಡಿಮೆ. ಅಂದರೆ ಮರಿಯನ್ನು ಆಡದಂತೆ ಕಟ್ಟಿ ಹಾಕಬೇಕಾಗಿಲ್ಲ. ಹುಲ್ಲು, ಮಣ್ಣು ಇರುವ ಸುರಕ್ಷಿತ ಜಾಗದಲ್ಲಿ ಬಿಡಿ, ಸುಸ್ತಾದಾಗ ಅದೇ ಮಲಗುತ್ತದೆ. ಮೆಟ್ಟಿಲಾದರೆ ಎತ್ತಿಕೊಂಡು ಹೋಗಿ, ಕಾರಿಂದ ಹಾರಲು ಬಿಡಬೇಡಿ, ಗಟ್ಟಿ ರಸ್ತೆಯ ಮೇಲೆ ಸೈಕಲ್ ಪಕ್ಕ ಓಡಿಸುವುದೆಲ್ಲ ಮೂಳೆ ಬಲಿಯುವ ತನಕ ಬೇಡವೇ ಬೇಡ. ಮರಿ ದಿನಕ್ಕೆ 18 ಗಂಟೆ ನಿದ್ದೆ ಮಾಡಿದರೂ ಗಾಬರಿಯಾಗಬೇಡಿ, ಬೆಳೆಯುವ ದೇಹಕ್ಕೆ ಅಷ್ಟು ಬೇಕು.

ಎತ್ತಿಕೊಳ್ಳುವ ಮಾತು ಬಂತಲ್ಲ, ಮೂರರಿಂದ ಹದಿನಾಲ್ಕು ವಾರದ ನಡುವಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಜಗತ್ತಿನಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಮರಿಯ ಮನಸ್ಸು ಗುರುತು ಹಾಕಿಕೊಳ್ಳುವುದು ಆಗಲೇ. ಆದರೆ ಲಸಿಕೆಗಳು ಪೂರ್ತಿ ಆಗುವುದು ಸುಮಾರು 16 ವಾರಕ್ಕೆ, ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡುವಂತಿಲ್ಲ. ಅದಕ್ಕೆ ಕಂಕುಳಲ್ಲಿ ಹೊತ್ತುಕೊಂಡೇ ಹೋಗಿ. ಟೋಪಿ ಹಾಕಿದವರು, ಕೋಲು ಹಿಡಿದವರು, ಗಾಡಿ ಸದ್ದು, ಮಕ್ಕಳ ಕೂಗಾಟ, ಲಿಫ್ಟು, ಛತ್ರಿ ಎಲ್ಲ ದೂರದಿಂದ ತೋರಿಸಿ, ಬಾಯಿಗೆ ಒಂದು ಚೂರು ತಿನಿಸು ಕೊಡುತ್ತಿರಿ. ಹೆದರುವ ಚಿಕ್ಕ ನಾಯಿಯನ್ನು ಎತ್ತಿಕೊಂಡು ಜಾಗ ಖಾಲಿ ಮಾಡಬಹುದು. ಹೆದರಿದ ಐವತ್ತು ಕಿಲೋ ನಾಯಿಯನ್ನು ಎತ್ತೋರು ಯಾರು?

ಸಂತಾನಹರಣದ ಆಪರೇಷನ್ ಯಾವಾಗ ಮಾಡಿಸಬೇಕು ಅನ್ನುವುದನ್ನೂ ದೊಡ್ಡ ತಳಿಯಲ್ಲಿ ಬೇರೆಯಾಗಿಯೇ ಯೋಚಿಸಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷಕ್ಕೆ ಮೊದಲೇ ಆಪರೇಷನ್ ಆದ ನಾಯಿಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಕಂಡಿತ್ತು. ನಿಮ್ಮ ನಾಯಿಯ ತಳಿ, ಗಂಡೋ ಹೆಣ್ಣೋ, ಮನೆಯಲ್ಲಿ ಬೇರೆ ನಾಯಿ ಇದೆಯಾ ಎಲ್ಲ ನೋಡಿ ಡಾಕ್ಟರ ಜೊತೆ ಮಾತಾಡಿ ಸಮಯ ಗೊತ್ತು ಮಾಡಿಕೊಳ್ಳಿ.

ಕಲಿಸಲೇಬೇಕಾದದ್ದು

ಕೈ ಕೊಡುವುದು, ಉರುಳುವುದು ಎಲ್ಲ ಆಮೇಲೆ ಕಲಿಸಬಹುದು. ಮೊದಲು ನಾಲ್ಕೂ ಕಾಲು ನೆಲದ ಮೇಲಿಡುವುದು, ಹಗ್ಗ ಎಳೆಯದೆ ನಡೆಯುವುದು, ಬಾಯಲ್ಲಿದ್ದದ್ದನ್ನು ಬಿಡುವುದು, ತನ್ನ ಜಾಗಕ್ಕೆ ಹೋಗಿ ಮಲಗುವುದು, ಮೈ ಮುಟ್ಟಿಸಿಕೊಳ್ಳುವುದು. ದೊಡ್ಡ ನಾಯಿಗೆ ಇವು ಬಂದರೆ ಮನೆಯ ಮುಕ್ಕಾಲು ಚಿಂತೆ ಮುಗಿಯಿತು.

ಹಾರುವ ಅಭ್ಯಾಸ ಬಿಡಿಸುವುದು ಕಷ್ಟವಲ್ಲ, ಆದರೆ ಮನೆಯವರೆಲ್ಲ ಒಂದೇ ರೀತಿ ಇರಬೇಕು. ಹಾರಿದಾಗ ಮಾತಿಲ್ಲ, ನೋಟವಿಲ್ಲ, ಮುಟ್ಟುವುದಿಲ್ಲ, ಸುಮ್ಮನೆ ಬೇರೆ ಕಡೆ ತಿರುಗಿ ನಿಲ್ಲಿ. ಕಾಲು ನೆಲಕ್ಕೆ ಬಂದ ಕ್ಷಣವೇ ಬಗ್ಗಿ ಮುದ್ದು ಮಾಡಿ. ಮೊಣಕಾಲಲ್ಲಿ ಗುದ್ದುವುದು, ಪಾದ ತುಳಿಯುವುದು ಬೇಡ, ಬಹಳ ನಾಯಿಗಳಿಗೆ ಅದೂ ಆಟವೇ ಆಗುತ್ತದೆ, ಇನ್ನು ಕೆಲವು ಕೈಕಾಲು ಕಂಡರೆ ಹೆದರಲು ಶುರುಮಾಡುತ್ತವೆ. ಮನೆಯಲ್ಲಿ ಒಬ್ಬರು ಮಾತ್ರ "ಪರವಾಗಿಲ್ಲ, ನಂಗಿಷ್ಟ" ಅಂತ ಹಾರಿಸಿಕೊಳ್ಳುತ್ತಿದ್ದರೆ ನಾಯಿ ಎಲ್ಲರ ಮೇಲೂ ಪ್ರಯತ್ನ ಮಾಡುತ್ತಲೇ ಇರುತ್ತದೆ.

ಹಗ್ಗದ ವಿಷಯಕ್ಕೆ ಬಂದರೆ, ಶಕ್ತಿಯಿಂದ ದೊಡ್ಡ ನಾಯಿಯನ್ನು ಹಿಡಿಯುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ಅರವತ್ತು ಕಿಲೋ ನಾಯಿ ಬೆಕ್ಕು ಕಂಡು ಒಮ್ಮೆಲೇ ನುಗ್ಗಿದರೆ ಎಂಥ ಗಟ್ಟಿಗರೂ ಮುಗ್ಗರಿಸುತ್ತಾರೆ. ಕಲಿಸಿದ್ದೇ ಕಾಪಾಡಬೇಕು. ಕಲಿಸುವುದು ಹೀಗೆ. ಹಗ್ಗ ಬಿಗಿಯಾದ ಕೂಡಲೇ ನಿಂತುಬಿಡಿ. ಎಳೆಯಬೇಡಿ, ಬೈಯಬೇಡಿ. ನಾಯಿ ತಿರುಗಿ ನೋಡಿ ಹಗ್ಗ ಸಡಿಲವಾದಾಗ ಮುಂದೆ ಹೋಗಿ, ನಿಮ್ಮ ಪಕ್ಕಕ್ಕೆ ಬಂದಾಗ ತಿನಿಸು ಕೊಡಿ. ಮೊದಮೊದಲು ಮನೆಯ ಗೇಟಿಂದ ಮುಂದೆ ಹೋಗುವುದೇ ಆಗುವುದಿಲ್ಲ, ಪರವಾಗಿಲ್ಲ, ಎಳೆದರೆ ಯಾವತ್ತೂ ಮುಂದೆ ಹೋಗಲು ಆಗಲ್ಲ ಅಂತ ಅದಕ್ಕೆ ಗೊತ್ತಾಗುವ ತನಕ ಅಷ್ಟೇ. ಎದೆಯ ಮುಂದೆ ಹಗ್ಗ ಸಿಕ್ಕಿಸುವ ಹಾರ್ನೆಸ್, ಅಂದರೆ ಮೈಗೆ ಹಾಕುವ ಪಟ್ಟಿ, ತೆಗೆದುಕೊಳ್ಳಿ, ಎಳೆದಾಗ ನಾಯಿಯ ಮೈ ಪಕ್ಕಕ್ಕೆ ತಿರುಗಿಬಿಡುವುದರಿಂದ ಅದರ ಬಲ ಅರ್ಧ ಕರಗುತ್ತದೆ. ಹಗ್ಗ ಒಂದೂವರೆಯಿಂದ ಎರಡು ಮೀಟರ್ ಸಾಕು. ಒತ್ತಿದರೆ ಉದ್ದ ಆಗುವ, ಸುರುಳಿ ಸುತ್ತಿಕೊಳ್ಳುವ ಹಗ್ಗ ದೊಡ್ಡ ನಾಯಿಗೆ ಬೇಡ, ಅದು ಐದು ಮೀಟರ್ ಓಡಿ ವೇಗ ತೆಗೆದುಕೊಂಡ ಮೇಲೆ ಕೊನೆಯಲ್ಲಿ ಬರುವ ಜಗ್ಗುವಿಕೆಗೆ ಹಗ್ಗವೂ ಹರಿಯಬಹುದು, ನಿಮ್ಮ ಭುಜವೂ ಕಳಚಬಹುದು. ಮತ್ತೆ, ಹಗ್ಗವನ್ನು ಬೆರಳಿಗೆ, ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುವುದು ಹೀಗೆಯೇ.

ಮೈ ಮುಟ್ಟಿಸಿಕೊಳ್ಳುವುದನ್ನು ಬಹಳ ಜನ ಕಲಿಸುವುದೇ ಇಲ್ಲ. ಮರಿ ಬಂದ ದಿನದಿಂದಲೇ ಪಾದ ಹಿಡಿಯಿರಿ, ಕಿವಿ ಎತ್ತಿ ನೋಡಿ, ತುಟಿ ಸರಿಸಿ ಹಲ್ಲು ಮುಟ್ಟಿ, ಬಾಲ ಎತ್ತಿ, ಪ್ರತಿ ಸಲವೂ ತಿನಿಸು ಕೊಡಿ. ಉಗುರು ಕತ್ತರಿಸುವ ಕಟ್ಟರ್ ತೋರಿಸಿ ತಿನಿಸು ಕೊಡಿ, ಒಂದು ಉಗುರಿನ ತುದಿ ಮಾತ್ರ ಕತ್ತರಿಸಿ ಅವತ್ತಿಗೆ ನಿಲ್ಲಿಸಿ. ಚಿಕ್ಕ ನಾಯಿ ಹಟ ಮಾಡಿದರೆ ಟವೆಲ್‌ನಲ್ಲಿ ಸುತ್ತಿ ಹಿಡಿಯಬಹುದು, ದೊಡ್ಡ ನಾಯಿ ಒಪ್ಪದಿದ್ದರೆ ಉಗುರು ಕತ್ತರಿಸಲೂ ಮತ್ತಿನ ಮದ್ದು ಬೇಕಾಗುತ್ತದೆ. ಕಚ್ಚದಂತೆ ಮೂತಿಗೆ ಹಾಕುವ ಬುಟ್ಟಿಯಂಥ ಮಝಲ್ ಕೂಡ ಅಭ್ಯಾಸ ಮಾಡಿಸಿ, ಒಳಗೆ ತಿನಿಸಿಟ್ಟು ತಾನೇ ಮೂತಿ ಹಾಕುವಂತೆ ಮಾಡಿ. ಎಷ್ಟೇ ಸಾಧು ನಾಯಿಯಾದರೂ ಕಾಲು ಮುರಿದು ನೋವಾದಾಗ ಮುಟ್ಟಿದವರನ್ನು ಕಚ್ಚಬಹುದು, ಆವತ್ತು ಮೊದಲ ಸಲ ಮಝಲ್ ಹಾಕಲು ಹೋದರೆ ಆಗುವುದಿಲ್ಲ.

ಬೇರೆಯವರ ಭಯ

ನಿಮ್ಮ ನಾಯಿ ಎಷ್ಟು ಒಳ್ಳೆಯದು ಅಂತ ನಿಮಗೆ ಗೊತ್ತು. ಎದುರಿಂದ ಬರುವವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಒಂದು ದೊಡ್ಡ ತಲೆ, ದೊಡ್ಡ ಬಾಯಿ. ಅವರ ಭಯಕ್ಕೆ ನಗಬೇಡಿ. "ಏನೂ ಮಾಡಲ್ಲ" ಅಂತ ದೂರದಿಂದ ಕೂಗುತ್ತಾ ನಾಯಿಯನ್ನು ಅವರ ಹತ್ತಿರಕ್ಕೆ ಬಿಡುವುದು ದೊಡ್ಡ ನಾಯಿ ಇರುವವರು ಮಾಡುವ ಅತಿ ಕೆಟ್ಟ ಕೆಲಸ ಅಂತ ನನ್ನ ಅಭಿಪ್ರಾಯ. ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ನಾಯಿಯನ್ನು ಕೂರಿಸಿ, ಅವರು ಹಾದು ಹೋಗಲಿ. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮುಂದಿನದಕ್ಕೆ ಕಾಯಿರಿ. ಚಿಕ್ಕ ನಾಯಿ ಕಂಡಾಗಲೂ ಹಾಗೇ. ಆಟಕ್ಕೆ ಅಂತ ನಿಮ್ಮದು ಹಾಕಿದ ಒಂದು ಪಾದದ ಏಟಿಗೆ ಮೂರು ಕಿಲೋ ನಾಯಿಯ ಬೆನ್ನು ಮುರಿಯಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದೊಡ್ಡವರು ಕಣ್ಣಿಟ್ಟಿರದೆ ಇಬ್ಬರನ್ನೂ ಒಟ್ಟಿಗೆ ಬಿಡಬೇಡಿ, ನಾಯಿ ದೇವರಂಥದ್ದೇ ಆಗಿದ್ದರೂ. ಮಗು ಅದರ ಮೇಲೆ ಸವಾರಿ ಮಾಡುವ ಫೋಟೋ ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ನಾಯಿಯ ಬೆನ್ನು ಭಾರ ಹೊರಲು ಇರುವುದಲ್ಲ, ಮತ್ತೆ ಆ ಫೋಟೋಗಳಲ್ಲಿ ನಾಯಿಯ ಮುಖ ಸರಿಯಾಗಿ ನೋಡಿ. ಕಿವಿ ಹಿಂದಕ್ಕೆ, ಕಣ್ಣಿನ ಬಿಳಿ ಕಾಣುತ್ತಿರುತ್ತದೆ, ತುಟಿ ನೆಕ್ಕಿಕೊಳ್ಳುತ್ತಿರುತ್ತದೆ, ಇಲ್ಲವೇ ಮೈ ಮರಗಟ್ಟಿದಂತೆ ನಿಂತಿರುತ್ತದೆ. "ಸಾಕು, ಬಿಡಿ" ಅಂತ ಅದು ಹೇಳುತ್ತಿರುವುದು ಹಾಗೆ. ಅದನ್ನು ಯಾರೂ ಗಮನಿಸದಿದ್ದಾಗ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರುಗುಟ್ಟುವುದನ್ನು ಮಾತ್ರ ಬಿಡುತ್ತದೆ, ಒಳಗಿನ ಕಿರಿಕಿರಿ ಹಾಗೇ ಇರುತ್ತದೆ, ಮುಂದಿನ ಸಲ ಮುನ್ಸೂಚನೆ ಇಲ್ಲದೆ ಹಲ್ಲು ಬೀಳುತ್ತದೆ. ಮಗುವನ್ನು ಮೆಲ್ಲಗೆ ದೂರ ಕರೆದುಕೊಂಡು, ಏನು ಇಷ್ಟವಾಗಲಿಲ್ಲ ಅಂತ ಹುಡುಕಿ. ಊಟ ಮಾಡುವಾಗ, ಮಲಗಿದ್ದಾಗ ಮುಟ್ಟಬಾರದು ಅಂತ ಮಗುವಿಗೂ ಕಲಿಸಿ.

ರೇಬೀಸ್ ಲಸಿಕೆ ತಪ್ಪಿಸಬೇಡಿ, ಚೀಟಿ ಕೈಗೆ ಸಿಗುವ ಕಡೆ ಇರಲಿ. ಕೊರಳ ಬೆಲ್ಟಿನ ಮೇಲೆ ಫೋನ್ ನಂಬರ್, ಸಾಧ್ಯವಿದ್ದರೆ ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್. ಕಳೆದುಹೋದ ದೊಡ್ಡ ನಾಯಿಯನ್ನು ಹಿಡಿದು ನಿಲ್ಲಿಸಲು ಜನ ಹೆದರುತ್ತಾರೆ, ಅದಕ್ಕೇ ಅದು ತಪ್ಪಿಸಿಕೊಳ್ಳದಂತೆ ಗೇಟು, ಕಾಂಪೌಂಡು ಮೊದಲೇ ಸರಿ ಮಾಡಿ.

ಮನೆಯೊಳಗೆ

ಇಲ್ಲಿ ಸ್ವಲ್ಪ ಖುಷಿಯ ಮಾತಾಡುತ್ತೇನೆ, ಇಲ್ಲದಿದ್ದರೆ ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಸಾಕಬೇಕು ಅನ್ನಿಸುತ್ತದೆ ಅಲ್ವಾ. ದೊಡ್ಡ ನಾಯಿ ಮನೆಯಲ್ಲಿದ್ದರೆ ಇನ್ನೊಬ್ಬರು ಇದ್ದಂತೆಯೇ ಇರುತ್ತದೆ. ನೀವು ನಿಂತಲ್ಲಿಗೆ ಬಂದು ಸುಮ್ಮನೆ ಇಡೀ ಮೈ ಭಾರವನ್ನು ನಿಮ್ಮ ತೊಡೆಗೆ ಒರಗಿಸಿ ನಿಲ್ಲುತ್ತದೆ, ಗ್ರೇಟ್ ಡೇನ್‌ಗಳಂತೂ ಇದಕ್ಕೇ ಹೆಸರುವಾಸಿ. ಅಪ್ಪಿಕೊಂಡರೆ ತೋಳು ತುಂಬುತ್ತದೆ. ಬಗ್ಗದೆಯೇ, ನಡೆಯುತ್ತಲೇ ತಲೆ ಸವರಬಹುದು. ಅಳು ಬಂದ ದಿನ ಪಕ್ಕದಲ್ಲಿ ಮಲಗಿ ಆ ದೊಡ್ಡ ಎದೆ ಮೇಲೆ ಕೆಳಗೆ ಆಗುವುದನ್ನು ಕೈಯಿಟ್ಟು ನೋಡಿದರೆ ಸಿಗುವ ಸಮಾಧಾನವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಅಷ್ಟು ದೊಡ್ಡ ಬಾಯಿ ಮಗುವಿನ ಅಂಗೈಯಿಂದ ಒಂದು ಚಿಕ್ಕ ತಿನಿಸನ್ನು ತುಟಿಯಲ್ಲೇ ಎತ್ತಿಕೊಳ್ಳುವುದನ್ನು ನೋಡುವುದು ದೊಡ್ಡ ಸಂತೋಷ. ಅದಕ್ಕೆ ತನ್ನ ಬಲ ಗೊತ್ತಿದೆ, ಬಳಸುವುದಿಲ್ಲ. ರಾತ್ರಿ ಒಬ್ಬರೇ ನಡೆದು ಹೋಗುವಾಗ ಪಕ್ಕದಲ್ಲಿ ಅದಿದ್ದರೆ ನಡಿಗೆಯೇ ಬೇರೆ.

ಮನೆಯನ್ನು ಅದಕ್ಕೆ ತಕ್ಕಂತೆ ಸ್ವಲ್ಪ ಬದಲಿಸಿಕೊಳ್ಳಬೇಕು. ನುಣುಪಾದ ಟೈಲ್ಸ್ ದೊಡ್ಡ ನಾಯಿಗೆ ಶತ್ರು, ಜಾರಿ ಕಾಲು ಅಗಲವಾದರೆ ಕೀಲು ಹಾಳು. ಅದು ಜಾಸ್ತಿ ಓಡಾಡುವ ದಾರಿಗೆ ಜಾರದ ಚಾಪೆ ಹಾಕಿ, ಪಾದದಡಿಯ ಕೂದಲು ಕತ್ತರಿಸಿ, ನಡೆಯುವಾಗ ಉಗುರಿನ ಟಕ್ ಟಕ್ ಸದ್ದು ಕೇಳಿದರೆ ಉಗುರು ಉದ್ದವಾಗಿದೆ ಅಂತ ಅರ್ಥ. ಮಲಗಲು ದಪ್ಪ ಹಾಸಿಗೆ ಕೊಡಿ. ಭಾರದ ಮೈ ಗಟ್ಟಿ ನೆಲಕ್ಕೆ ಒತ್ತಿ ಒತ್ತಿ ಮೊಣಕೈ ಚರ್ಮ ದಡ್ಡುಗಟ್ಟುತ್ತದೆ, ಕೆಲವಕ್ಕೆ ನೀರು ತುಂಬಿ ಊದಿಕೊಳ್ಳುತ್ತದೆ. ಬಾಲದ ಎತ್ತರದಲ್ಲಿ ಲೋಟ, ದೀಪ, ಗಾಜು ಇಡಬೇಡಿ. ಖುಷಿಗೆ ಬಾಲವನ್ನು ಗೋಡೆಗೆ ಬಡಿದು ಬಡಿದು ತುದಿ ಒಡೆದು ರಕ್ತ ಬರುವುದೂ ಉಂಟು, ಆ ಗಾಯ ಬೇಗ ಮಾಯುವುದಿಲ್ಲ.

ಇನ್ನು ಅಡುಗೆಮನೆ ಕಟ್ಟೆ. ಅತಿ ಎತ್ತರದ ನಾಯಿ ಅಂತ 2011ರಲ್ಲಿ ಅಳೆಸಿಕೊಂಡಿದ್ದ ಅಮೆರಿಕದ ಝೂಸ್ ಅನ್ನುವ ಗ್ರೇಟ್ ಡೇನ್‌ನ ಭುಜದ ಎತ್ತರವೇ 111.8 ಸೆಂಟಿಮೀಟರ್ ಇತ್ತು, ಅಂಥದ್ದಕ್ಕೆ ಕಟ್ಟೆಯ ಮೇಲಿಟ್ಟದ್ದು ನೆಲದ ಮೇಲೆ ಇಟ್ಟಷ್ಟೇ ಸುಲಭ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ಮನುಷ್ಯರ ನೋವಿನ ಮಾತ್ರೆ ಎಲ್ಲ ನಾಯಿಗೆ ವಿಷ, ಬಾಗಿಲಿರುವ ಕಪಾಟಿನಲ್ಲಿಡಿ. ಜೊಲ್ಲು, ಕೂದಲು ಇದ್ದೇ ಇರುತ್ತದೆ. ಒರೆಸುವ ಬಟ್ಟೆ ಎಲ್ಲ ಕೋಣೆಯಲ್ಲೂ ಇಟ್ಟುಕೊಳ್ಳಿ.

ಊಟ, ತೂಕ, ಹೊಟ್ಟೆ

ಪಕ್ಕೆಲುಬನ್ನು ಮೆಲ್ಲಗೆ ಸವರಿದರೆ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯವುಗಳಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು, ಸುಮಾರು 13 ವರ್ಷ. ಇನ್ನೊಂದು ಗುಂಪಿಗೆ ಸಿಕ್ಕಿದ್ದು 11ಕ್ಕಿಂತ ಸ್ವಲ್ಪ ಜಾಸ್ತಿ. ಸಂದು ನೋವೂ ಅವಕ್ಕೆ ತಡವಾಗಿ ಬಂತು. ಯಾವ ಟಾನಿಕ್ಕೂ ಎರಡು ವರ್ಷ ಕೊಡುವುದಿಲ್ಲ. ಅಳತೆ ಬಟ್ಟಲಿನಲ್ಲಿ ಅಳೆದು ಹಾಕಿ, ಕಲಿಸುವಾಗ ಕೊಟ್ಟ ತಿನಿಸನ್ನೂ ಅದರಲ್ಲೇ ಕಳೆಯಿರಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಆಳವಾದ ಕಿರಿದಾದ ಎದೆಯ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಸೇಂಟ್ ಬರ್ನಾರ್ಡ್, ವೈಮರಾನರ್‌ಗಳಲ್ಲಿ, ಹೊಟ್ಟೆಯಲ್ಲಿ ಗಾಳಿ ತುಂಬಿ ಹೊಟ್ಟೆಯೇ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ. ಬ್ಲೋಟ್ ಅಂತಾರೆ. ತಿರುಚಿಕೊಂಡ ಮೇಲೆ ಗಾಳಿ ಮೇಲೂ ಬರುವುದಿಲ್ಲ ಕೆಳಗೂ ಹೋಗುವುದಿಲ್ಲ, ರಕ್ತದ ಓಟ ನಿಲ್ಲುತ್ತದೆ, ಆಪರೇಷನ್ ಆಗದಿದ್ದರೆ ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತದೆ. ವಾಂತಿಗೆ ಒದ್ದಾಡುತ್ತದೆ ಆದರೆ ಏನೂ ಬರುವುದಿಲ್ಲ, ಬರೀ ನೊರೆ. ಮಲಗಲಾಗದೆ ಅಲ್ಲಿಂದಿಲ್ಲಿಗೆ ಓಡಾಡುತ್ತದೆ, ಜೊಲ್ಲು ಸುರಿಯುತ್ತದೆ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ, ಹೊಟ್ಟೆ ಊದಿ ತಮಟೆಯಂತೆ ಬಿಗಿಯಾಗುತ್ತದೆ. ಇದರಲ್ಲಿ ಬರೀ ಒಣ ಓಕರಿಕೆ ಮತ್ತು ಚಡಪಡಿಕೆ ಕಂಡರೂ ಸಾಕು, ಬೆಳಗಾಗಲಿ ಅಂತ ಕಾಯಬೇಡಿ, ಮನೆಮದ್ದು ಮಾಡಬೇಡಿ, ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ರಾತ್ರಿ ತೆರೆದಿರುವ, ಆಪರೇಷನ್ ಮಾಡಬಲ್ಲ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದಿಟ್ಟುಕೊಳ್ಳಿ.

ತಡೆಯಲು ಮಾಡಬಹುದಾದದ್ದೂ ಇದೆ. ದಿನಕ್ಕೆ ಒಂದೇ ಸಲ ರಾಶಿ ಹಾಕುವ ಬದಲು ಎರಡು ಮೂರು ಸಲ ಹಾಕಿ. ಗಬಗಬ ತಿನ್ನುವ ನಾಯಿಗೆ ಒಳಗೆ ಉಬ್ಬುಗಳಿರುವ ಬಟ್ಟಲು ಕೊಡಿ. ಊಟದ ಹಿಂದೆ ಮುಂದೆ ಜೋರಾಗಿ ಆಡಿಸಬೇಡಿ. ಬಟ್ಟಲನ್ನು ಎತ್ತರದಲ್ಲಿಟ್ಟರೆ ಒಳ್ಳೆಯದು ಅಂತ ಬಹಳ ಕಾಲ ನಂಬಿದ್ದರು, ಆದರೆ 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎತ್ತರದ ಬಟ್ಟಲಲ್ಲಿ ತಿಂದವುಗಳಲ್ಲೇ ಬ್ಲೋಟ್ ಜಾಸ್ತಿ ಕಂಡಿತು. ಹಾಗಾಗಿ ಡಾಕ್ಟರ್ ಹೇಳದ ಹೊರತು ನೆಲದ ಮೇಲೇ ಇಡಿ. ತಂದೆ, ತಾಯಿ, ಒಡಹುಟ್ಟಿದವಕ್ಕೆ ಬ್ಲೋಟ್ ಆಗಿದ್ದರೆ ನಿಮ್ಮದಕ್ಕೂ ಅಪಾಯ ಜಾಸ್ತಿ. ಅಂಥ ನಾಯಿಗಳಲ್ಲಿ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದು ತಿರುಚದಂತೆ ಮಾಡುವ ಆಪರೇಷನ್ ಇದೆ, ಸಂತಾನಹರಣದ ಆಪರೇಷನ್ ಜೊತೆಯಲ್ಲೇ ಮಾಡಿಸಬಹುದು. ಗ್ರೇಟ್ ಡೇನ್ ಇದ್ದವರಿಗೆ ನಾನು ಖಂಡಿತ ಹೇಳುವ ಮಾತು ಇದು, ಡಾಕ್ಟರನ್ನು ಕೇಳಿ ನೋಡಿ.

ಬಿಸಿಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದೊಡ್ಡ ಮೈ ತಣ್ಣಗಾಗುವುದು ನಿಧಾನ, ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆಳಿಗ್ಗೆ ಬೇಗ, ಸಂಜೆ ತಡವಾಗಿ ನಡೆಸಿ. ರಸ್ತೆಗೆ ಕೈ ಹಿಂಬದಿ ಇಟ್ಟು ಏಳು ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ದಾಟಿದರೆ ಪ್ರಾಣಕ್ಕೇ ಬರುತ್ತದೆ. ವಿಪರೀತ ಏದುಸಿರು, ತೂರಾಡುವುದು ಕಂಡರೆ ಮೊದಲು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ. ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷವೂ ಬಿಡಬೇಡಿ.

ಖರ್ಚು ಮತ್ತು ಊರಿಗೆ ಹೋಗುವುದು

ಮದ್ದೆಲ್ಲ ತೂಕದ ಮೇಲೆ ಕೊಡುತ್ತಾರೆ. ಜಂತುಹುಳುವಿನ ಮಾತ್ರೆ, ಉಣ್ಣಿ ಬರದಂತೆ ಹಾಕುವ ಮದ್ದು, ಅರಿವಳಿಕೆ, ಆಂಟಿಬಯೋಟಿಕ್ ಎಲ್ಲವೂ ಹತ್ತು ಕಿಲೋ ನಾಯಿಗೆ ಬೇಕಾದದ್ದರ ನಾಲ್ಕೈದು ಪಟ್ಟು ಬೇಕಾಗಬಹುದು. ಊಟವೂ ಹಾಗೇ. ಮರಿಯ ಬೆಲೆ ನೋಡಿ ತೀರ್ಮಾನ ಮಾಡಬೇಡಿ, ಅದು ಇಡೀ ಖರ್ಚಿನಲ್ಲಿ ಚಿಕ್ಕ ಪಾಲು. ಒಂದು ದೊಡ್ಡ ಆಪರೇಷನ್‌ಗೆ ಆಗುವಷ್ಟು ದುಡ್ಡು ಪಕ್ಕಕ್ಕಿಡಿ, ಇಲ್ಲವೇ ವಿಮೆ ಮಾಡಿಸಿ. ನೀವು ನಾಲ್ಕು ದಿನ ಊರಿಗೆ ಹೋದರೆ ಚಿಕ್ಕ ನಾಯಿಯನ್ನು ನೋಡಿಕೊಳ್ಳಲು ಹತ್ತು ಜನ ಸಿಗುತ್ತಾರೆ, ದೊಡ್ಡದಕ್ಕೆ ಒಬ್ಬರು ಸಿಕ್ಕರೆ ಪುಣ್ಯ. ಆ ಒಬ್ಬರನ್ನು ಈಗಲೇ ಪರಿಚಯ ಮಾಡಿಸಿ, ವಾರಕ್ಕೊಮ್ಮೆ ಅವರ ಜೊತೆ ನಡೆದಾಡಲು ಕಳಿಸಿ, ನೀವಿಲ್ಲದಾಗಲೂ ಅವರ ಮಾತು ಕೇಳುವಷ್ಟು ಸಲಿಗೆ ಬೆಳೆಯಲಿ.

ವಯಸ್ಸಾದಾಗ

ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು. ದೊಡ್ಡ ನಾಯಿಗಳ ಆಯಸ್ಸು ಕಡಿಮೆ. ಚಿಕ್ಕ ತಳಿಗಳು ಹದಿನಾಲ್ಕು ಹದಿನೈದು ವರ್ಷ ಬದುಕುವಾಗ ಗ್ರೇಟ್ ಡೇನ್ ಸುಮಾರು 8ರಿಂದ 10 ವರ್ಷ, ಐರಿಶ್ ವುಲ್ಫ್‌ಹೌಂಡ್ ಅದಕ್ಕಿಂತಲೂ ಕಡಿಮೆ. ಆರೇಳು ವರ್ಷಕ್ಕೇ ಅದಕ್ಕೆ ವಯಸ್ಸಾಗಿದೆ ಅಂತ ಲೆಕ್ಕ ಹಾಕಿ ಆರು ತಿಂಗಳಿಗೊಮ್ಮೆ ತೋರಿಸಿ. ಕುಂಟುವುದು ಒಂದೆರಡು ದಿನದಲ್ಲಿ ಹೋಗದಿದ್ದರೆ, ಕಾಲಿನ ಮೂಳೆ ಮೇಲೆ ಊತ ಕಂಡರೆ "ಎಲ್ಲೋ ಉಳುಕಿರಬೇಕು" ಅಂತ ಬಿಡಬೇಡಿ, ಮೂಳೆಯ ಕ್ಯಾನ್ಸರ್ ದೊಡ್ಡ ನಾಯಿಗಳಲ್ಲೇ ಜಾಸ್ತಿ, ಎಕ್ಸ್‌ರೇ ತೆಗೆಸಿ. ಏಳಲು ಕಷ್ಟಪಡುವುದು, ಮೆಟ್ಟಿಲ ಮುಂದೆ ನಿಂತು ಯೋಚಿಸುವುದು ಬರೀ ವಯಸ್ಸಲ್ಲ, ನೋವು. ಅದಕ್ಕೆ ಮದ್ದಿದೆ. ನಮ್ಮ ಮಾತ್ರೆ ಕೊಡದೆ ಡಾಕ್ಟರ್ ಬರೆದುಕೊಟ್ಟದ್ದನ್ನೇ ಕೊಡಿ.

ಹಿಂಗಾಲು ಸೋತಾಗ ಹೊಟ್ಟೆಯಡಿ ಉದ್ದ ಟವೆಲ್ ಹಾಕಿ ಎರಡೂ ತುದಿ ಮೇಲೆ ಹಿಡಿದರೆ ನಾಯಿ ತಾನೇ ನಡೆಯುತ್ತದೆ, ನೀವು ಅರ್ಧ ಭಾರ ಹೊತ್ತರೆ ಸಾಕು. ಹಿಡಿಕೆಯಿರುವ ಹಾರ್ನೆಸ್ ಸಿಕ್ಕರೆ ಇನ್ನೂ ಒಳ್ಳೆಯದು, ನಾಯಿ ಚೆನ್ನಾಗಿದ್ದಾಗಲೇ ತಂದು ಅಭ್ಯಾಸ ಮಾಡಿಸಿ. ಕಾರಿಗೆ ಇಳಿಜಾರು ಹಲಗೆ ಬಳಸಲೂ ಆಗಲೇ ಕಲಿಸಬೇಕು, ನಡುಗುವ ಕಾಲಿನಲ್ಲಿ ಹೊಸದಾಗಿ ಕಲಿಯಲು ಅದಕ್ಕೆ ಹೆದರಿಕೆಯಾಗುತ್ತದೆ. ಪೂರ್ತಿ ಎತ್ತಬೇಕಾದರೆ ಇಬ್ಬರು ಬೇಕು. ಒಬ್ಬರು ಎದೆಯ ಕೆಳಗೆ, ಇನ್ನೊಬ್ಬರು ಹಿಂತೊಡೆಯ ಕೆಳಗೆ ಕೈ ಹಾಕಿ, ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ ಒಟ್ಟಿಗೆ ಏಳಿ. ಒಬ್ಬರೇ ಇದ್ದಾಗ ಬೀಳುವುದೂ ಉಂಟು, ಆಗ ಗಟ್ಟಿ ಬೆಡ್‌ಶೀಟ್ ಮೇಲೆ ಮೆಲ್ಲಗೆ ಉರುಳಿಸಿ ಎಳೆದುಕೊಂಡು ಬಾಗಿಲ ತನಕ ತರಬಹುದು. ಮಧ್ಯರಾತ್ರಿ ಕರೆದರೂ ಎದ್ದು ಬಂದು ಇನ್ನೊಂದು ತುದಿ ಹಿಡಿಯುವ ನೆರೆಯವರು ಯಾರು, ನಿಮ್ಮ ಡಾಕ್ಟರು ಮನೆಗೆ ಬರುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಂಡು ಆ ನಂಬರುಗಳನ್ನು ಮನೆಯವರೆಲ್ಲರ ಫೋನಿಗೂ ಹಾಕಿ.